ಐಸೋಫಿಕ್ಸ್ ಇಲ್ಲದ ಹಳೇ ಕಾರಿನಲ್ಲಿ ಮಗುವಿನ ಸೀಟು ಕೂರಿಸಿದ್ದು

ನಮ್ಮದು 2013ರ ಮಾಡೆಲ್ ಹ್ಯಾಚ್‌ಬ್ಯಾಕ್. ಮಗುವಿನ ಸೀಟನ್ನು ಬೆಲ್ಟಿಲ್ಲದೆ ನೇರವಾಗಿ ಕಾರಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳಿಲ್ಲ. ಹಿಂದಿನ ಸೀಟಿನ ಮಧ್ಯದಲ್ಲಿ ಇರುವುದು ಬರೀ ಸೊಂಟದ ಬೆಲ್ಟು. ಮಗುವಿಗೆ ಕಾರ್ ಸೀಟು ಹಾಕಬೇಕು ಅಂದಾಗ ನೆಂಟರಲ್ಲಿ ಸುಮಾರು ಜನ, ‘ಹಂಗಾದ್ರೆ ಹೊಸ ಕಾರೇ ತಗೋಬೇಕು’ ಅಂದುಬಿಟ್ಟರು. ಬೇಕಾಗಿಲ್ಲ. ಸೊಂಟಕ್ಕೂ ಎದೆಗೂ ಬರುವ ಮಾಮೂಲಿ ಸೀಟ್ ಬೆಲ್ಟ್ ಇದ್ದರೆ ಸಾಕು, ಹಿಂದಕ್ಕೆ ಮುಖ ಮಾಡುವ ಸೀಟನ್ನು ಗಟ್ಟಿಯಾಗಿ ಕೂರಿಸಬಹುದು. ನಾವು ಹಾಗೇ ಮಾಡಿದ್ದು. ಬೆಂಗಳೂರಿಂದ ಹಾಸನಕ್ಕೆ ಆಗಾಗ ಹೋಗಿಬರುವ ಮನೆ ನಮ್ಮದು, ಹಾಗಾಗಿ ಇದು ನಮಗೆ ಶೋಕಿಯ ವಿಷಯ ಆಗಿರಲಿಲ್ಲ.

ಹಿಂದಕ್ಕೇ ಯಾಕೆ ಮುಖ ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಸುಮಾರು ಕಾಲು ಭಾಗ ಇರುತ್ತದೆ. ಕತ್ತು ಇನ್ನೂ ಎಳೆಯದು. ಮುಂದಕ್ಕೆ ಮುಖ ಮಾಡಿ ಕೂತಾಗ ಎದುರಿನಿಂದ ಡಿಕ್ಕಿ ಹೊಡೆದರೆ ಮೈಯನ್ನು ಪಟ್ಟಿ ಹಿಡಿದುಕೊಳ್ಳುತ್ತದೆ, ತಲೆ ಮಾತ್ರ ಮುಂದಕ್ಕೆ ಎಗರುತ್ತದೆ. ಎಳೇ ಕತ್ತಿಗೆ ಅದನ್ನು ತಡೆಯಲು ಆಗುವುದಿಲ್ಲ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒತ್ತಿಕೊಳ್ಳುತ್ತವೆ, ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಇಂಥ ಸೀಟು ಮಾಡಿ ನೋಡಿದಾಗ ಅವರ ಕಣ್ಣ ಮುಂದೆ ಇದ್ದದ್ದು ಗಗನಯಾತ್ರಿಗಳು. ರಾಕೆಟ್ ಹಾರುವಾಗ ಅವರನ್ನೂ ಬೆನ್ನ ಮೇಲೆ ಮಲಗಿಸಿರುತ್ತಾರೆ, ಅಲ್ವಾ?

ನಮ್ಮಮ್ಮನಿಗೆ ಈ ಗಗನಯಾತ್ರಿ ಕತೆ ರುಚಿಸಲಿಲ್ಲ. ‘ಅಷ್ಟುದ್ದ ಕಟ್ಟಿಹಾಕಿ ಕರ್ಕೊಂಡು ಹೋಗ್ತೀಯೇನೇ ಕೂಸನ್ನ? ನನ್ನ ಮಡಿಲಲ್ಲಿ ಮಲಗಿಸಿಕೊಂಡ್ರೆ ಏನಾಗುತ್ತೆ?’ ಅಂದರು. ಅವರ ಮುಂದೆ ಕೂತು ಲೆಕ್ಕ ಹಾಕಿದೆ. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿಯಲ್ಲಿ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಹೋಯಿತು ಅಂತ ಇಟ್ಟುಕೊಳ್ಳಿ. ಆ ಕ್ಷಣ 3 ಕೆಜಿ ಮಗು ಕೈಗೆ 40 ಕೆಜಿಗಿಂತ ಜಾಸ್ತಿ ಭಾರವಾಗುತ್ತದೆ. ‘ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಒಂದೂವರೆ ಮೂಟೆ ಕೈ ಜಾರಿದ ಹಾಗಮ್ಮ’ ಅಂದೆ. ಅಮ್ಮ ಏನೂ ಹೇಳಲಿಲ್ಲ. ಆದರೆ ಆಮೇಲೆ ಪಕ್ಕದ ಸೀಟಿನಲ್ಲಿ ಕೂತು ಮಗುವಿನ ಕಾಲು ಸವರುವುದು ತಮ್ಮ ಕೆಲಸ ಅಂತ ತಾವೇ ಹಂಚಿಕೊಂಡರು. (ಕಾನೂನು ಕೂಡ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 194ಬಿ ಸೆಕ್ಷನ್. 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 1000 ರೂಪಾಯಿ ದಂಡ. ಆದರೆ ದಂಡಕ್ಕೆ ಹೆದರಿ ಯಾರಾದರೂ ಸೀಟು ಕೊಂಡಿದ್ದನ್ನು ನಾನಂತೂ ನೋಡಿಲ್ಲ.)

ಸೀಟು ಆರಿಸುವಾಗ ನೋಡಿದ ಮೊದಲ ವಿಷಯ ಕಿತ್ತಳೆ ಬಣ್ಣದ ಸ್ಟಿಕರ್. ಯುರೋಪಿನ ಸುರಕ್ಷತಾ ಮಾನದಂಡವಾದ ಇಸಿಇ ಆರ್44/04 ಅಥವಾ ಅದಕ್ಕಿಂತ ಹೊಸದಾದ ಆರ್129 ಅಂತ ಅದರ ಮೇಲೆ ಬರೆದಿರುತ್ತದೆ. ಆನ್‌ಲೈನಲ್ಲಿ ಕಾರ್ ಸೀಟು ಅನ್ನೋ ಹೆಸರಲ್ಲಿ ಬಟ್ಟೆಯ ದಿಂಬಿಗೆ ನಾಲ್ಕು ಪಟ್ಟಿ ಹೊಲಿದು ಮಾರುವವರೂ ಇದ್ದಾರೆ, ಅಂಥದ್ದರ ಹತ್ತಿರ ಹೋಗಬೇಡಿ. ನಾವು ತಗೊಂಡಿದ್ದು ಹಿಡಿ ಇರುವ, ಬುಟ್ಟಿಯಂಥ ಸೀಟು. ಗುಂಪು 0+, ಅಂದರೆ 13 ಕೆಜಿವರೆಗೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ‘ನಮ್ಮ ಹತ್ರ ಒಂದು ಇದೆ, ಬರೋವಾಗ ತರ್ತೀನಿ’ ಅಂದಿದ್ದ. ಬೇಡ ಅಂದೆ. ಅಲ್ಲಿನ ಸೀಟುಗಳು ಅಲ್ಲಿನ ಕಾರಿಗೆ ತಕ್ಕಂತೆ ಮಾಡಿದವು. 1996ರ ಮಾಡೆಲ್‌ನಿಂದ ಈಚೆಗೆ ಅಲ್ಲಿನ ಕಾರುಗಳ ಬೆಲ್ಟನ್ನು ಪೂರ್ತಿ ಎಳೆದರೆ ಲಾಕ್ ಆಗುವಂಥ ವ್ಯವಸ್ಥೆ ಇರುತ್ತದೆ. ನಮ್ಮ ಕಾರಿನ ಬೆಲ್ಟು ಜರ್ಕ್ ಹೊಡೆದಾಗ ಮಾತ್ರ ಹಿಡಿಯುತ್ತದೆ, ಉಳಿದಂತೆ ಸಲೀಸಾಗಿ ಹರಿದಾಡುತ್ತದೆ. ಇನ್ನು ಸೆಕೆಂಡ್ ಹ್ಯಾಂಡ್ ಸೀಟು ಕೊಡುವವರನ್ನು ‘ಇದು ಎಂದಾದರೂ ಆಕ್ಸಿಡೆಂಟಿನಲ್ಲಿ ಸಿಕ್ಕಿತ್ತಾ’ ಅಂತ ಕೇಳಲೇಬೇಕು. ಸಿಕ್ಕಿದ್ದರೆ, ಕಣ್ಣಿಗೆ ಏನೂ ಕಾಣದಿದ್ದರೂ ಅದು ಕೆಲಸಕ್ಕೆ ಬರುವುದಿಲ್ಲ.

ಕೊಳ್ಳುವ ಮುಂಚೆ ಕಾರಿನಲ್ಲಿ ಕೂರಿಸಿ ನೋಡುವುದು ಎಲ್ಲಕ್ಕಿಂತ ಮುಖ್ಯ. ಬುಟ್ಟಿ ಸೀಟಿಗೆ ಬೆಲ್ಟು ತುಂಬಾ ಉದ್ದ ಬೇಕು. ಸೊಂಟದ ಭಾಗ ಮಗುವಿನ ಕಾಲಿನ ಮೇಲಿಂದ ಹೋಗುತ್ತದೆ, ಎದೆಯ ಭಾಗ ಇಡೀ ಸೀಟಿನ ಬೆನ್ನನ್ನು ಸುತ್ತಿಕೊಂಡು ಬರುತ್ತದೆ. ಕೆಲವು ಕಾರುಗಳಲ್ಲಿ ಅಷ್ಟು ಬೆಲ್ಟೇ ಇರುವುದಿಲ್ಲ. ಮೊದಲು ಹೋದ ಅಂಗಡಿಯವರು ಡಬ್ಬ ಬಿಚ್ಚಲು ಒಪ್ಪಲಿಲ್ಲ, ‘ಬಿಚ್ಚಿದ್ರೆ ವಾಪಸ್ ಇಲ್ಲ ಮೇಡಂ’ ಅಂದರು. ಎರಡನೆಯವರು ಶೋಗೆ ಇಟ್ಟಿದ್ದ ಪೀಸನ್ನೇ ರಸ್ತೆಗೆ ತಂದು ಕಾರಿನಲ್ಲಿ ಇಟ್ಟು ತೋರಿಸಿದರು. ಅವರ ಹತ್ತಿರವೇ ತಗೊಂಡೆವು.

ಎಲ್ಲಿ ಕೂರಿಸುವುದು? ಮುಂದಿನ ಸೀಟು ಬೇಡವೇ ಬೇಡ. ಆನ್ ಇರುವ ಏರ್‌ಬ್ಯಾಗಿನ ಮುಂದೆ ಹಿಂದಕ್ಕೆ ಮುಖ ಮಾಡಿದ ಸೀಟು ಇಟ್ಟರೆ, ಏರ್‌ಬ್ಯಾಗ್ ನೇರವಾಗಿ ಮಗುವಿನ ತಲೆಯ ಹಿಂಬದಿಗೇ ಬಡಿಯುತ್ತದೆ. ಬಹಳ ಕಾರುಗಳಲ್ಲಿ ಬಿಸಿಲು ತಡೆಯುವ ಪಟ್ಟಿಯ ಮೇಲೆ ಈ ಎಚ್ಚರಿಕೆಯ ಚಿತ್ರ ಇರುತ್ತದೆ. ನಮ್ಮಲ್ಲಿ ಮಧ್ಯದ ಜಾಗಕ್ಕೆ ಸೊಂಟದ ಬೆಲ್ಟು ಮಾತ್ರ, ಹಾಗಾಗಿ ಅದೂ ಆಗಲಿಲ್ಲ. ಉಳಿದಿದ್ದು ಹಿಂದೆ ಎಡಗಡೆ. ನಮ್ಮ ರಸ್ತೆಯಲ್ಲಿ ಎಡಗಡೆ ಅಂದರೆ ಫುಟ್‌ಪಾತ್ ಕಡೆ. ಮಗುವನ್ನು ಎತ್ತಿಕೊಳ್ಳುವಾಗ ಬೆನ್ನ ಹಿಂದೆ ಬೈಕು ಬರುವ ಭಯ ಇಲ್ಲ.

ಇನ್ನು ಕಟ್ಟುವುದು. ಮೊದಲು ಕಾರನ್ನು ಮಟ್ಟಸವಾದ ಜಾಗಕ್ಕೆ ತಂದು ನಿಲ್ಲಿಸಿದೆವು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನೀರು ಹರಿದು ಹೋಗಲಿ ಅಂತ ನೆಲ ಇಳಿಜಾರು ಮಾಡಿರುತ್ತಾರೆ, ಅಲ್ಲಿ ನೋಡಿದ ಓರೆ ಲೆಕ್ಕಕ್ಕೆ ಬರುವುದಿಲ್ಲ. ಸೀಟಿನ ಪಕ್ಕದಲ್ಲಿ ಒಂದು ಗೆರೆ ಇರುತ್ತದೆ. ಅದು ನೆಲಕ್ಕೆ ಸಮವಾಗಿ ಬಂದರೆ ಮಗು ಸುಮಾರು 45 ಡಿಗ್ರಿ ಓರೆಯಲ್ಲಿ ಮಲಗಿದೆ ಅಂತ ಅರ್ಥ. ಇದಕ್ಕಿಂತ ನೆಟ್ಟಗಾದರೆ ತಲೆ ಮುಂದಕ್ಕೆ ವಾಲಿ ಗಲ್ಲ ಎದೆಗೆ ಅಂಟಿಕೊಳ್ಳುತ್ತದೆ. ಹಸುಗೂಸಿಗೆ ಉಸಿರು ಕಟ್ಟುವ ಅಪಾಯ ಅಲ್ಲೇ ಇರುವುದು. ಕಾರುಗಳ ಹಿಂದಿನ ಸೀಟು ಸಾಮಾನ್ಯವಾಗಿ ಬೆನ್ನಿನ ಕಡೆಗೆ ತಗ್ಗಿರುತ್ತದೆ, ಅದರಿಂದ ಮಗುವಿನ ಸೀಟು ನೆಟ್ಟಗಾಗಿಬಿಡುತ್ತದೆ. ನಮ್ಮ ಸೀಟಿನ ಮ್ಯಾನ್ಯುಯಲ್‌ನಲ್ಲಿ ಟವೆಲ್ ಬಳಸಬಹುದು ಅಂತ ಇತ್ತು. ಸ್ನಾನದ ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ, ಕಾರಿನ ಸೀಟಿನ ಬೆನ್ನೂ ತಳವೂ ಸೇರುವ ಸಂದಿಗೆ ಇಟ್ಟೆವು. ಗೆರೆ ಸರಿಹೋಯಿತು. ಮ್ಯಾನ್ಯುಯಲ್ ಒಪ್ಪದಿದ್ದರೆ ಇದನ್ನು ಮಾಡಬಾರದು.

ಬೆಲ್ಟು ಹೋಗುವ ದಾರಿಗೆ ಬಣ್ಣದ ಗುರುತು ಇರುತ್ತದೆ. ಹಿಂದಕ್ಕೆ ಮುಖ ಮಾಡಿ ಕೂರಿಸಲು ನೀಲಿ. ಎರಡೂ ಕಡೆ ಕೂರಿಸಬಹುದಾದ ದೊಡ್ಡ ಸೀಟುಗಳಲ್ಲಿ ಕೆಂಪು ಗುರುತೂ ಇರುತ್ತದೆ, ಅದು ಮುಂದಕ್ಕೆ ಮುಖ ಮಾಡುವಾಗ. ಬೆಲ್ಟನ್ನು ಪೂರ್ತಿ ಹೊರಗೆ ಎಳೆದುಕೊಂಡು, ಸೊಂಟದ ಭಾಗವನ್ನು ಎರಡೂ ನೀಲಿ ಕೊಕ್ಕೆಗಳ ಕೆಳಗೆ ತೂರಿಸಿ, ಬಕಲ್ಲಿಗೆ ಹಾಕಿದೆ. ಕ್ಲಿಕ್ ಸದ್ದು ಕೇಳಬೇಕು. ಆಮೇಲೆ ಎದೆಯ ಭಾಗವನ್ನು ಸೀಟಿನ ಬೆನ್ನಿಂದ ಸುತ್ತಿ ಹಿಂದಿನ ನೀಲಿ ಕೊಕ್ಕೆಯಲ್ಲಿ ಸಿಕ್ಕಿಸಿದೆ. ಎಲ್ಲೂ ತಿರುಚಿಕೊಂಡಿರಬಾರದು.

ಬಿಗಿ ಮಾಡುವುದಕ್ಕೆ ಎರಡು ಜನ ಇದ್ದರೆ ಒಳ್ಳೆಯದು. ನನ್ನ ಗಂಡ ಎರಡೂ ಅಂಗೈ ಇಟ್ಟು ಸೀಟನ್ನು ಕೆಳಕ್ಕೆ, ಕಾರಿನ ಮೆತ್ತೆಯೊಳಗೆ ಅಮುಕಿ ಹಿಡಿದರು. ನಾನು ಮೊದಲು ಸೊಂಟದ ಭಾಗದ ಸಡಿಲವನ್ನು ಬಕಲ್ ಕಡೆಗೆ ಎಳೆದೆ. ಅಲ್ಲಿ ಉಳಿದದ್ದನ್ನು ಎದೆಯ ಭಾಗಕ್ಕೆ ಕಳಿಸಿ, ಅಲ್ಲಿಂದ ಮೇಲಕ್ಕೆ, ಬೆಲ್ಟು ಸುತ್ತಿಕೊಳ್ಳುವ ಕಡೆಗೆ ಬಿಟ್ಟೆ. ಈ ಕ್ರಮ ತಪ್ಪಿಸಿ ಮೇಲಿಂದ ಎಳೆದರೆ ಎಷ್ಟು ಎಳೆದರೂ ಸೊಂಟದ ಭಾಗ ಸಡಿಲವಾಗಿಯೇ ಉಳಿಯುತ್ತದೆ. ಇನ್ನೊಂದು ನೋಡಬೇಕಾದ್ದು ಬಕಲ್. ಕೆಲವು ಕಾರುಗಳಲ್ಲಿ ಬಕಲ್ಲಿನ ಕಾಂಡ ಉದ್ದ ಇದ್ದು, ಬಕಲ್ ಸೀಟಿನ ಕೊಕ್ಕೆಯ ಮೇಲೇ ಬಂದು ಕೂರುತ್ತದೆ. ಹಾಗಾದರೆ ಅದು ಮುರಿಯಬಹುದು, ಆ ಜೋಡಿ ಬೇಡ. ಸೀಟನ್ನು ಆರಿಸಲು ಕಾರಿನಲ್ಲಿ ಇಟ್ಟು ನೋಡಿ ಅಂದಿದ್ದು ಇದಕ್ಕೂ ಸೇರಿಸಿ.

ಗಟ್ಟಿಯಾಗಿದೆಯಾ ಅಂತ ನೋಡುವುದಕ್ಕೂ ಜಾಗ ಗೊತ್ತಿರಬೇಕು. ಬೆಲ್ಟು ಹಾದುಹೋಗುವ ಕಡೆ ಕೈ ಹಿಡಿದು ಅಲ್ಲಾಡಿಸಿ. ಪಕ್ಕಕ್ಕಾಗಲಿ, ಹಿಂದಕ್ಕೆ ಮುಂದಕ್ಕಾಗಲಿ ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು. ಬಹಳ ಜನ ಮಗುವಿನ ತಲೆಯ ಕಡೆಯ ತುದಿ ಹಿಡಿದು ಅಲ್ಲಾಡಿಸಿ ‘ಅಯ್ಯೋ ಲೊಡಲೊಡ ಅನ್ನುತ್ತೆ’ ಅಂತ ಗಾಬರಿಯಾಗುತ್ತಾರೆ. ಬೆಲ್ಟಿನಲ್ಲಿ ಕಟ್ಟಿದ ಸೀಟಿನ ಆ ತುದಿ ಸ್ವಲ್ಪ ಅಲ್ಲಾಡುವುದು ಸಹಜ.

ಹಿಡಿಯನ್ನು ಯಾವ ಸ್ಥಾನದಲ್ಲಿ ಇಡಬೇಕು ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ಮ್ಯಾನ್ಯುಯಲ್ ಹೇಳಿದ ಹಾಗೆ ಇಡಬೇಕು, ಅದರಲ್ಲಿ ಬುದ್ಧಿವಂತಿಕೆ ಬೇಡ.

ಅಣ್ಣನ ಹೊಸ ಕಾರಿನಲ್ಲಿ ಐಸೋಫಿಕ್ಸ್ ಇದೆ. ಸೀಟಿನ ಸಂದಿಯಲ್ಲಿ ಎರಡು ಕಬ್ಬಿಣದ ಕಂಬಿ, ನಡುವೆ 280 ಮಿಲಿಮೀಟರ್ ಅಂತರ, ಪ್ರಪಂಚದಲ್ಲೆಲ್ಲ ಅದೇ ಅಳತೆ. ಮಗುವಿನ ಸೀಟಿನ ಕೆಳಗೆ ಇರುವ ಬೇಸನ್ನು ಅದಕ್ಕೆ ತಳ್ಳಿದರೆ ಟಕ್ ಟಕ್ ಅಂತ ಕೂತು ಹಸಿರು ಗುರುತು ಬರುತ್ತದೆ. ಅಷ್ಟೇ. ಬೇಸಿಗೆ ಕಾಲು ಇದ್ದರೆ ಅದು ನೆಲಕ್ಕೆ ಗಟ್ಟಿಯಾಗಿ ಊರಬೇಕು. ನೆಲದಲ್ಲಿ ಸಾಮಾನು ಇಡುವ ಮುಚ್ಚಳದ ಗುಂಡಿ ಇದ್ದರೆ ಅದರ ಮೇಲೆ ಊರಬಾರದು. ಸುಲಭ ಹೌದು. ಆದರೆ ಸರಿಯಾಗಿ ಬಿಗಿದ ಬೆಲ್ಟು ಕೂಡ ಸುರಕ್ಷಿತವೇ. ಐಸೋಫಿಕ್ಸಿನ ದೊಡ್ಡ ಲಾಭ, ಕಟ್ಟುವವರು ತಪ್ಪು ಮಾಡುವ ಅವಕಾಶ ಕಡಿಮೆ.

ಸೀಟು ಗಟ್ಟಿಯಾಯಿತು ಅಂದ ಮೇಲೆ ಮಗು. ಹೆಗಲ ಪಟ್ಟಿ ಮಗುವಿನ ಹೆಗಲಿನ ಮಟ್ಟದಿಂದ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿನ ತೂತಿನಿಂದ ಬರಬೇಕು. ಬಿಗಿ ಮಾಡಿದ ಮೇಲೆ ಹೆಗಲ ಹತ್ತಿರ ಪಟ್ಟಿಯನ್ನು ಎರಡು ಬೆರಳಿಂದ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಇನ್ನೂ ಸಡಿಲ. ನಮ್ಮನೆಯಲ್ಲಿ ನಿಜವಾದ ಜಗಳ ನಡೆದಿದ್ದು ಇಲ್ಲೇ. ಬಾಣಂತನದ ಮನೆಯಲ್ಲಿ ಮಗುವಿಗೆ ಕುಲಾವಿ, ಸ್ವೆಟರ್, ಅದರ ಮೇಲೆ ಬೆಚ್ಚನೆ ಬಟ್ಟೆ ಸುತ್ತಿ ಕಳಿಸುವುದು ರೂಢಿ. ದಪ್ಪ ಬಟ್ಟೆಯ ಮೇಲೆ ಪಟ್ಟಿ ಬಿಗಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಡಿಕ್ಕಿಯಲ್ಲಿ ಬಟ್ಟೆ ಅಮುಕಿಹೋಗಿ ಪಟ್ಟಿ ಸಡಿಲವಾಗುತ್ತದೆ. ಸುತ್ತಿದ ಬಟ್ಟೆಯಲ್ಲಿ ಕಾಲ ನಡುವಿನ ಪಟ್ಟಿ ಹಾಕುವುದಕ್ಕೂ ಆಗುವುದಿಲ್ಲ. ಕೊನೆಗೆ ಆದ ಒಪ್ಪಂದ: ಮೈಗೆ ತೆಳು ಬಟ್ಟೆ, ಪಟ್ಟಿ ಬಿಗಿದ ಮೇಲೆ ಅಮ್ಮ ಹೊದಿಸುವ ಹೊದಿಕೆ ಎದೆಯವರೆಗೆ. ಮುಖ ಮುಚ್ಚುವ ಹಾಗಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕಾರು ನಿಲ್ಲಿಸಿದ್ದರೆ ಕಬ್ಬಿಣದ ಬಕಲ್ ಸುಡುತ್ತದೆ. ಇಳಿಯುವಾಗ ಅದರ ಮೇಲೆ ಬಿಳಿ ಟವೆಲ್ ಹಾಕಿ ಹೋಗುತ್ತೇವೆ.

ಹಾಸನದ ದಾರಿಯಲ್ಲಿ ಕುಣಿಗಲ್ ದಾಟಿದ ಮೇಲೆ ಬೆಳ್ಳೂರು ಕ್ರಾಸ್ ಹತ್ತಿರ ನಿಲ್ಲಿಸಿ ಮಗುವನ್ನು ಹೊರಗೆ ತೆಗೆಯುತ್ತೇವೆ. ಎಳೇ ಮಗುವನ್ನು ಈ ಓರೆಯಲ್ಲಿ ಬಹಳ ಹೊತ್ತು ಬಿಡಬಾರದು. ಊರು ತಲುಪಿದ ಮೇಲೂ ಅಷ್ಟೆ. ಮಗು ನಿದ್ದೆ ಮಾಡುತ್ತಿದೆ ಅಂತ ಬುಟ್ಟಿ ಸಮೇತ ಎತ್ತಿ ತಂದು ಜಗಲಿಯಲ್ಲಿ ಇಟ್ಟು ಬಿಡುವ ಆಸೆ ಆಗುತ್ತದೆ. ಎತ್ತಿ ಮಟ್ಟಸವಾದ ಹಾಸಿಗೆ ಮೇಲೆ ಮಲಗಿಸಬೇಕು. ಎದ್ದರೆ ಎದ್ದಿತು.

ಈಗ ಮಗಳಿಗೆ 11 ಕೆಜಿ. ಕಾಲು ಮಡಚಿ ಕಾರಿನ ಸೀಟಿನ ಬೆನ್ನಿಗೆ ಒದ್ದುಕೊಂಡು ಕೂರುತ್ತಾಳೆ. ನೋಡಿದವರೆಲ್ಲ ‘ಪಾಪ, ಕಾಲಿಗೆ ಜಾಗ ಇಲ್ಲ, ತಿರುಗಿಸಿ’ ಅನ್ನುತ್ತಾರೆ. ಕಾಲು ತಾಗುವುದು ತಿರುಗಿಸಲು ಕಾರಣವಲ್ಲ. ತಲೆ ಸೀಟಿನ ಮೇಲಿನ ಅಂಚಿಗೆ ಬಂದಾಗ ಅಥವಾ ತೂಕ 13 ದಾಟಿದಾಗ ಈ ಸೀಟು ಮುಗಿಯಿತು. ಆರ್129 ಪ್ರಕಾರ 15 ತಿಂಗಳವರೆಗಂತೂ ಹಿಂದಕ್ಕೇ ಮುಖ ಇರಬೇಕು, ಸ್ವೀಡನ್ನಿನಲ್ಲಿ 4 ವರ್ಷದವರೆಗೂ ಹಾಗೇ ಕೂರಿಸುತ್ತಾರೆ. ಅದಕ್ಕೇ ಮುಂದಿನದು 18 ಕೆಜಿವರೆಗೆ ಹಿಂದಕ್ಕೆ ಮುಖ ಮಾಡಬಹುದಾದ, ಬೆಲ್ಟಿನಿಂದ ಕಟ್ಟುವ ಸೀಟು ಹುಡುಕುತ್ತಿದ್ದೇನೆ. ಅದು ದೊಡ್ಡದು. ಮುಂದಿನ ಎಡಗಡೆ ಸೀಟನ್ನು ಇನ್ನಷ್ಟು ಮುಂದಕ್ಕೆ ತಳ್ಳಬೇಕು. ನನ್ನ ಗಂಡ ಆರಡಿ, ಹಾಗಾಗಿ ಹಾಸನದವರೆಗೆ ಡ್ರೈವಿಂಗ್ ಅವರದೇ.