ತೋಟದ ಕೆರೆಗೆ ಕಡಿಮೆ ಖರ್ಚಿನ ಗಾಳ

ರೀಲ್, ರಾಡ್ ಎಂದು ಸಾವಿರಗಟ್ಟಲೆ ಸುರಿಯಬೇಡಿ. ಜಿಲೇಬಿ ಮೀನಿಗೂ ಸಣ್ಣ ಕಾರ್ಪ್‌ಗೂ ಬಿದಿರು ಕೋಲು ಧಾರಾಳ ಸಾಕು. ಹೆಬ್ಬೆರಳು ದಪ್ಪದ, 10 ಅಡಿ ಉದ್ದದ ಬಿದಿರನ್ನು ಕಡಿದು ಎರಡು ಮೂರು ವಾರ ನೆರಳಲ್ಲಿ ಒಣಗಿಸಿ. ಹಸಿ ಕೋಲು ಭಾರ, ಒಮ್ಮೆ ಬಾಗಿದರೆ ಹಾಗೇ ನಿಲ್ಲುತ್ತದೆ.

0.25 ಮಿ.ಮೀ. ನೈಲಾನ್ ದಾರವನ್ನು ತುದಿಗೆ ಮಾತ್ರ ಕಟ್ಟದೆ, ಕೋಲಿನ ನಡುವಿನಿಂದ ಸುತ್ತಿಕೊಂಡು ಬನ್ನಿ. ತುದಿ ಮುರಿದರೂ ಮೀನು ಕೈಯಲ್ಲೇ ಇರುತ್ತದೆ. ಕೊಕ್ಕೆ 8 ಅಥವಾ 10ನೇ ನಂಬರ್. ಹೆಚ್ಚಿನವರ ಗಾಳ ಕಳಚುವುದು ಗಂಟಿನಲ್ಲೇ: ದಾರವನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಿ, ಐದು ಸುತ್ತು ಹೊಸೆದು, ತುದಿಯನ್ನು ಕಣ್ಣಿನ ಪಕ್ಕದ ಕುಣಿಕೆಯಲ್ಲಿ ತೂರಿಸಿ, ಎಂಜಲು ಹಚ್ಚಿ ನಿಧಾನ ಎಳೆಯಿರಿ. ಒಣದಾರ ಉಜ್ಜಿ ಬಿಸಿಯಾಗಿ ಅಲ್ಲೇ ಸೊರಗುತ್ತದೆ.

ಬೆಂಡಿಗೆ ಹಳೇ ಹವಾಯಿ ಚಪ್ಪಲಿಯ ಕಡಲೆಬೀಜದಷ್ಟು ತುಂಡು ಸಾಕು. ದೊಡ್ಡದಾದರೆ ಮೀನಿಗೆ ಎಳೆತ ಗೊತ್ತಾಗಿ ಉಗುಳಿಬಿಡುತ್ತದೆ.

ಎರೆಹುಳು ಕಾಫಿ ಗಿಡದ ಬುಡದ ತರಗೆಲೆ ಕೆಳಗೇ ಸಿಗುತ್ತದೆ. ಇಡೀ ಹುಳು ನೇತಾಡಿಸಿದರೆ ಬಾಲ ಮಾತ್ರ ಹೋಗುತ್ತದೆ. ಅರ್ಧ ಇಂಚು ಬಿಟ್ಟು ಉಳಿದದ್ದನ್ನು ಕೊಕ್ಕೆಗೇರಿಸಿ. ಹಿಟ್ಟು ಬಳಸುವವರು ಚೂರು ಹತ್ತಿ ಬೆರೆಸಿ ನಾದಿ, ಬೇಗ ಕರಗದು.

ಕೆರೆ ಮಾಲೀಕರನ್ನು ಮೊದಲೇ ಕೇಳಿ. ನಾಗರಹೊಳೆ, ಬ್ರಹ್ಮಗಿರಿಯಂಥ ಕಾಡಿನೊಳಗೆ ಗಾಳವೇ ಬೇಡ, ಕೇಸಾಗುತ್ತದೆ. ಮಳೆಗಾಲದ ಕಾವೇರಿ ದಡವೂ ಬೇಡ, ಕಾಲಡಿಯ ಮಣ್ಣೇ ಕುಸಿಯುತ್ತದೆ.