ತಾರಸಿಯ ಮೇಲೆ ನೀರಿನ ಟ್ಯಾಂಕ್: ಎಲ್ಲಿ ಇಡಬೇಕು, ಹೇಗೆ ನಿಲ್ಲಿಸಬೇಕು?

ಹೊಸ ಮನೆಯ ನಕ್ಷೆಯಲ್ಲಿ ಅಡುಗೆಮನೆಯ ಕಟ್ಟೆಯಿಂದ ಹಿಡಿದು ದೇವರಮನೆಯ ಬಾಗಿಲಿನವರೆಗೆ ಎಲ್ಲವನ್ನೂ ಗುರುತು ಮಾಡಿರುತ್ತಾರೆ. ನೀರಿನ ಟ್ಯಾಂಕಿನ ಜಾಗ ಮಾತ್ರ ಎಷ್ಟೋ ಮನೆಗಳಲ್ಲಿ ಪ್ಲಂಬರ್ ಪೈಪ್ ಎಳೆಯಲು ಬಂದ ದಿನ ತೀರ್ಮಾನವಾಗುತ್ತದೆ. ಪೈಪಿಗೆ ಎಲ್ಲಿ ಹತ್ತಿರವೋ ಅಲ್ಲಿ ಟ್ಯಾಂಕ್ ಕೂರುತ್ತದೆ. ಮನೆಯ ಮೇಲೆ ನಾವು ಇಡುವ ಅತಿ ಭಾರದ ವಸ್ತು ಇದೇ ಆಗಿರುವಾಗ, ಅದರ ಜಾಗವನ್ನು ಪೈಪಿನ ಉದ್ದ ನಿರ್ಧರಿಸಬಾರದು.

ಮೊದಲ ಕೆಲಸ, ಭಾರದ ಲೆಕ್ಕ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಆದ್ದರಿಂದ ಸಾವಿರ ಲೀಟರಿನ ಟ್ಯಾಂಕ್ ತುಂಬಿದಾಗ ಒಂದು ಟನ್ನಿಗಿಂತ ತುಸು ಹೆಚ್ಚೇ ಇರುತ್ತದೆ. ಅದರ ತಳದ ಅಗಲ ಸುಮಾರು ಮೂರೂವರೆ ಅಡಿ, ಅಂದರೆ ಹತ್ತು ಚದರ ಅಡಿಯಷ್ಟು ಜಾಗ. ಪ್ರತಿ ಚದರ ಅಡಿಗೆ ನೂರು ಕಿಲೋ ಬಿತ್ತು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹೇಳುವ ಬಳಕೆಯ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ನಮ್ಮ ಲೆಕ್ಕದಲ್ಲಿ ಚದರ ಅಡಿಗೆ ಸುಮಾರು 14 ಕಿಲೋ. ಟ್ಯಾಂಕಿನಡಿಯ ಭಾರ ಅದರ ಏಳು ಪಟ್ಟು.

ಹಾಗೆಂದು ಟ್ಯಾಂಕ್ ತುಂಬಿದ ಕೂಡಲೇ ತಾರಸಿ ಕುಸಿಯುವುದಿಲ್ಲ. ಭಾರ ಅಕ್ಕಪಕ್ಕಕ್ಕೂ ಹರಡುತ್ತದೆ, ವಿನ್ಯಾಸದಲ್ಲಿ ಸುರಕ್ಷತೆಗೆಂದು ಸೇರಿಸಿದ ಹೆಚ್ಚುವರಿ ಬಲವೂ ಇರುತ್ತದೆ. ಅಪಾಯ ಬರುವುದು ನಿಧಾನವಾಗಿ. ಹಬ್ಬಕ್ಕೆ ತಾರಸಿಯ ಮೇಲೆ ಸೇರಿದ ನೆಂಟರು ಸಂಜೆಗೆ ಇಳಿದು ಹೋಗುತ್ತಾರೆ, ಟ್ಯಾಂಕ್ ಇಳಿಯುವುದಿಲ್ಲ. ಹಗಲಿರುಳು ಹೊತ್ತ ಭಾರಕ್ಕೆ ಕಾಂಕ್ರೀಟ್ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಬಾಗುತ್ತಾ ಹೋಗುತ್ತದೆ. ಅಡಿಯಲ್ಲಿ ಬಿರುಕು ಅಗಲವಾಗುತ್ತದೆ, ತೇವ ಒಳಗೆ ಸೇರುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಚಕ್ಕೆಚಕ್ಕೆಯಾಗಿ ಕೆಳಗೆ ಉದುರಿಸುತ್ತದೆ.

ಜಾಗ ಗುರುತಿಸುವುದು

ಇದೇ ಇಡೀ ಕೆಲಸದ ಜೀವಾಳ. ಜಾಗ ಸರಿಯಿದ್ದರೆ ಉಳಿದ ಸಣ್ಣಪುಟ್ಟ ತಪ್ಪುಗಳನ್ನು ಕಟ್ಟಡ ಸಹಿಸಿಕೊಳ್ಳುತ್ತದೆ.

ಹನ್ನೆರಡು ಅಡಿ ಅಗಲದ ಕೋಣೆಯ ಛಾವಣಿಯನ್ನು ತೆಗೆದುಕೊಳ್ಳೋಣ. ಸರಿಯಾಗಿ ನಡುವೆ ಒಂದು ಟನ್ ಇಟ್ಟರೆ ಛಾವಣಿಯನ್ನು ಬಾಗಿಸುವ ಪರಿಣಾಮ ಅತಿ ಹೆಚ್ಚು. ಅದೇ ಭಾರವನ್ನು ಗೋಡೆಯಿಂದ ಎರಡು ಅಡಿ ದೂರಕ್ಕೆ ಸರಿಸಿದರೆ ಆ ಪರಿಣಾಮ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಛಾವಣಿಯನ್ನು ಹೊರುವ ಅಡ್ಡ ತೊಲೆಯ, ಅಂದರೆ ಬೀಮಿನ, ನೇರಕ್ಕೆ ತಂದರೆ ಛಾವಣಿಗೆ ಆ ಭಾರ ಗೊತ್ತೇ ಆಗುವುದಿಲ್ಲ. ಬೀಮನ್ನು ಹೊರುವ ಕಂಬ, ಅಂದರೆ ಕಾಲಂ, ಸೇರುವ ಮೂಲೆಗೆ ತಂದರೆ ಬೀಮಿಗೂ ಹೊರೆಯಿಲ್ಲ. ಭಾರ ನೆಟ್ಟಗೆ ಪಾಯಕ್ಕೆ ಇಳಿಯುತ್ತದೆ. ಟ್ಯಾಂಕ್ ಒಂದು ಕಿಲೋವೂ ಹಗುರಾಗದೆ, ಒಂದು ರೂಪಾಯಿಯೂ ಹೆಚ್ಚು ಖರ್ಚಾಗದೆ, ಬರೀ ಜಾಗ ಬದಲಿಸಿದ್ದಕ್ಕೆ ಸಿಕ್ಕ ಲಾಭ ಇದು.

ಬೀಮ್ ಎಲ್ಲಿದೆ ಎಂದು ತಿಳಿಯಲು ಕೆಳಗಿನ ಕೋಣೆಗೆ ಹೋಗಿ ಛಾವಣಿಯನ್ನು ನೋಡಿ. ಹೊರಗಿನ ಗೋಡೆಯಿಂದ ಬೀಮಿನ ನಡುಗೆರೆಗೆ ಇರುವ ದೂರವನ್ನು ಟೇಪ್ ಹಿಡಿದು ಅಳೆಯಿರಿ. ಗೋಡೆಯ ದಪ್ಪವನ್ನು ಸೇರಿಸಲು ಮರೆಯಬೇಡಿ. ಅದೇ ಅಳತೆಯನ್ನು ತಾರಸಿಯಲ್ಲಿ ಗೋಡೆಯ ಹೊರಮೈಯಿಂದ ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕಾಲಂ ಇಲ್ಲದ, ಗೋಡೆಗಳೇ ಛಾವಣಿ ಹೊತ್ತಿರುವ ಮನೆಯಾದರೆ ಎರಡು ಗೋಡೆ ಕೂಡುವ ಜಾಗವನ್ನು ಆರಿಸಿ. ಬೆಂಗಳೂರು, ಮೈಸೂರಿನ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ ಕೂರಿಸಿದ ಮದ್ರಾಸ್ ತಾರಸಿ ಇನ್ನೂ ಉಳಿದಿದೆ. ಅದರ ಮೇಲೆ ಟ್ಯಾಂಕ್ ಇಡಲೇಬೇಡಿ. ನೆಲದಿಂದಲೇ ಬೇರೆ ಸ್ಟ್ಯಾಂಡ್ ಎಬ್ಬಿಸಿ.

ಬಾಲ್ಕನಿ, ಸಜ್ಜಾ, ಗೋಡೆಯಿಂದ ಹೊರಚಾಚಿದ ಯಾವ ಭಾಗವೂ ಈ ಕೆಲಸಕ್ಕಲ್ಲ. ಮೂರು ಅಡಿ ಹೊರಚಾಚಿದ ಬಾಲ್ಕನಿಯ ತುದಿಯಲ್ಲಿಟ್ಟ ಭಾರ ಅದರ ಬುಡವನ್ನು ಬಾಗಿಸುವ ಪರಿಣಾಮ, ಅದೇ ಭಾರವನ್ನು ಹನ್ನೆರಡು ಅಡಿ ಛಾವಣಿಯ ನಟ್ಟನಡುವೆ ಇಟ್ಟಷ್ಟೇ ಆಗುತ್ತದೆ. ಜೊತೆಗೆ, ಹೊರಚಾಚಿನಲ್ಲಿ ಮುಖ್ಯ ಕಬ್ಬಿಣ ಇರಬೇಕಾದದ್ದು ಮೇಲ್ಭಾಗದಲ್ಲಿ. ಕಾಂಕ್ರೀಟ್ ಸುರಿಯುವಾಗ ಕೆಲಸದವರ ಕಾಲ್ತುಳಿತಕ್ಕೆ ಅದು ಕೆಳಗಿಳಿದಿದ್ದರೆ, ನೀವು ನಂಬಿದ ಬಲ ಅಲ್ಲಿ ಇರುವುದೇ ಇಲ್ಲ. ಅದನ್ನು ಹೊರಗಿನಿಂದ ನೋಡಿ ತಿಳಿಯುವ ದಾರಿಯೂ ಇಲ್ಲ.

ಮೆಟ್ಟಿಲಿನ ಮೇಲಿನ ಹೆಡ್‌ರೂಮ್ ಸಾಮಾನ್ಯವಾಗಿ ಒಳ್ಳೆಯ ಜಾಗ. ಛಾವಣಿ ಚಿಕ್ಕದು, ಕೆಳಗೆ ಗೋಡೆಗಳಿರುತ್ತವೆ, ಎತ್ತರವೂ ತಾನಾಗಿಯೇ ಸಿಗುತ್ತದೆ. ಆದರೆ ಮನೆಯ ಕಾಲಂಗಳು ಅಲ್ಲಿಯವರೆಗೂ ಏರಿವೆಯೇ, ಅಥವಾ ತಾರಸಿಯ ಮೇಲೆ ನಾಲ್ಕಿಂಚಿನ ಗೋಡೆ ಕಟ್ಟಿ ನಿಲ್ಲಿಸಿದ್ದಾರೆಯೇ ಎಂದು ವಿಚಾರಿಸಿ. ಎರಡು ಸಾವಿರ ಲೀಟರ್ ಬೇಕಿದ್ದರೆ ದೊಡ್ಡದೊಂದರ ಬದಲು ಸಾವಿರ ಲೀಟರಿನ ಎರಡು ಟ್ಯಾಂಕುಗಳನ್ನು ಬೇರೆಬೇರೆ ಕಾಲಂಗಳ ಮೇಲೆ ಇಡುವುದನ್ನೇ ನಾನು ಹೇಳುತ್ತೇನೆ. ಒಂದನ್ನು ತೊಳೆಯುವಾಗ ಇನ್ನೊಂದರ ನೀರು ಬಳಕೆಗಿರುತ್ತದೆ.

ಎತ್ತರ ಕೊಡುವುದು

ನಲ್ಲಿಯಲ್ಲಿ ನೀರು ರಭಸವಾಗಿ ಬರಲೆಂದು, ಸೋಲಾರ್ ಹೀಟರಿಗೆ ತಣ್ಣೀರು ಹರಿಯಲೆಂದು ಟ್ಯಾಂಕನ್ನು ಎತ್ತರಿಸುತ್ತಾರೆ. ಇಟ್ಟಿಗೆಯ ಜೋಡಿ ಗೋಡೆ ಕಟ್ಟುವವರು ಅದರ ತೂಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂಬತ್ತಿಂಚು ದಪ್ಪ, ಮೂರೂವರೆ ಅಡಿ ಉದ್ದ, ಮೂರು ಅಡಿ ಎತ್ತರದ ಒಂದು ಗೋಡೆಯೇ 400 ಕಿಲೋ ದಾಟುತ್ತದೆ. ಎರಡು ಗೋಡೆ ಸೇರಿದರೆ ಇನ್ನೊಂದು ಟ್ಯಾಂಕ್ ಇಟ್ಟಂತೆಯೇ. ಅವುಗಳ ಮೇಲೆ ಅಡ್ಡ ಹಾಸುವ ಕಲ್ಲು ಚಪ್ಪಡಿಯ ವಿಷಯದಲ್ಲೂ ಎಚ್ಚರ ಬೇಕು. ಕಲ್ಲು ಒತ್ತಿದರೆ ತಡೆಯುತ್ತದೆ, ಬಾಗಿಸಿದರೆ ಅಡಿಯಿಂದ ಸೀಳಿ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟ್ ಹಾಸು ಮುರಿಯುವ ಮುನ್ನ ಬಿರುಕು ಬಿಟ್ಟು ಎಚ್ಚರಿಸುತ್ತದೆ, ಅದನ್ನೇ ಹಾಕಿಸಿ.

ಹೆಚ್ಚಿನ ಎತ್ತರಕ್ಕೆ ಕಬ್ಬಿಣದ ಆಂಗಲ್ (L ಆಕಾರದ ಪಟ್ಟಿ) ಸ್ಟ್ಯಾಂಡ್ ಸರಿ. ಆದರೆ ಸ್ಟ್ಯಾಂಡಿನ ಕಾಲು ಸೋಲುವುದು ಜಜ್ಜಿ ಹೋಗಿ ಅಲ್ಲ, ಪಕ್ಕಕ್ಕೆ ಬಾಗಿ. ಈ ಬಾಗುವಿಕೆಯ ನಿಯಮವನ್ನು ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ಕಂಡುಹಿಡಿದ: ಕಾಲಿನ ಉದ್ದ ಎರಡು ಪಟ್ಟಾದರೆ ಅದು ತಡೆಯುವ ಭಾರ ನಾಲ್ಕನೇ ಒಂದಕ್ಕಿಳಿಯುತ್ತದೆ. 35 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಆಂಗಲ್ಲನ್ನು ನಡುವೆ ಯಾವ ಆಸರೆಯೂ ಇಲ್ಲದೆ ಎಂಟು ಅಡಿ ನಿಲ್ಲಿಸಿದರೆ, ಆ ಸೂತ್ರದ ಪ್ರಕಾರ ಅದು ಸುಮಾರು 500 ಕಿಲೋಗೆ ಬಾಗುತ್ತದೆ. ಒಂದು ಟನ್ನಿಗೆ ನಾಲ್ಕು ಕಾಲು, ತಲಾ 250 ಕಿಲೋ ತಾನೇ ಎನ್ನಬೇಡಿ. ನೀರು ಹರಿಯಲೆಂದು ಇಳಿಜಾರು ಕೊಟ್ಟ ತಾರಸಿಯಲ್ಲಿ ನಾಲ್ಕೂ ಕಾಲು ಸಮವಾಗಿ ಊರುವುದು ಕಡಿಮೆ. ಕುಂಟುವ ಮೇಜಿನಂತೆ ಭಾರವೆಲ್ಲ ಎದುರುಬದುರಿನ ಎರಡೇ ಕಾಲುಗಳ ಮೇಲೆ ಬಿದ್ದರೆ ಒಂದೊಂದಕ್ಕೆ 500 ಕಿಲೋ ಆಯಿತು. ಸುರಕ್ಷತೆಗೆಂದು ಇದ್ದ ಹೆಚ್ಚುವರಿ ಬಲ ಅಲ್ಲಿಗೆ ಮುಗಿಯಿತು.

ಪರಿಹಾರ ದುಬಾರಿಯಲ್ಲ. 50 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಆಂಗಲ್ ಬಳಸಿ. ಕಾಲುಗಳ ನಡು ಎತ್ತರದಲ್ಲಿ ನಾಲ್ಕೂ ಬದಿಗೆ ಅಡ್ಡಪಟ್ಟಿ ಕೊಡಿಸಿ, ಮೇಲಿನ ಮತ್ತು ಕೆಳಗಿನ ಚೌಕಗಳಲ್ಲಿ ಓರೆಯಾಗಿ ಕತ್ತರಿ ಪಟ್ಟಿಗಳನ್ನು ಬೆಸೆಯಿಸಿ. ಓರೆಪಟ್ಟಿ ಇಲ್ಲದ ಅಡ್ಡಪಟ್ಟಿಯಿಂದ ಪೂರ್ತಿ ಪ್ರಯೋಜನವಿಲ್ಲ, ಸ್ಟ್ಯಾಂಡ್ ಇಡಿಯಾಗಿ ಓಲಾಡುತ್ತದೆ. ಕಾಲಿನ ಅಡಿಗೆ ಅಂಗೈಯಗಲದ ದಪ್ಪ ಪ್ಲೇಟ್ ಬೇಕು; ಇಲ್ಲವಾದರೆ ಚೂಪಾದ ತುದಿ ತಾರಸಿಯ ನೀರುತಡೆ ಪದರವನ್ನು ಕೊರೆದು ಸೋರಿಕೆಗೆ ದಾರಿ ಮಾಡುತ್ತದೆ. ಪ್ಲೇಟನ್ನು ನೇರವಾಗಿ ತಾರಸಿಯ ಮೇಲಿಡದೆ, ಬೀಮಿನ ಗೆರೆಯ ಮೇಲೆ ಚಿಕ್ಕ ಕಾಂಕ್ರೀಟ್ ದಿಂಡುಗಳನ್ನು ಸಮಮಟ್ಟಕ್ಕೆ ಹಾಕಿಸಿ ಬೋಲ್ಟ್ ಮಾಡಿಸಿ. ಟ್ಯಾಂಕಿನ ತಳಕ್ಕೆ ಪೂರ್ತಿ ಸಪಾಟಾದ ಹಾಸು ಇರಲಿ. ಬಿಡಿ ಸರಳುಗಳ ಮೇಲೆ ಕೂರಿಸಿದ ಪ್ಲಾಸ್ಟಿಕ್ ತಳ ಸರಳುಗಳ ನಡುವೆ ಜೋತುಬಿದ್ದು ಸೀಳುತ್ತದೆ.

ಗಾಳಿಯ ಲೆಕ್ಕ ಖಾಲಿ ಟ್ಯಾಂಕಿಗೆ. ವಿನ್ಯಾಸಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಬೆಂಗಳೂರಿನ ವೇಗಕ್ಕೇ ಟ್ಯಾಂಕಿನ ಮೈಮೇಲೆ ಸುಮಾರು 60 ಕಿಲೋದಷ್ಟು ತಳ್ಳುವಿಕೆ ಬೀಳುತ್ತದೆ, ಖಾಲಿ ಟ್ಯಾಂಕಿನ ತೂಕ ಅದರ ಅರ್ಧವೂ ಇರಲಾರದು. ಪೈಪ್ ಅದನ್ನು ಹಿಡಿದಿಡುತ್ತದೆ ಎಂದು ನಂಬಬೇಡಿ. ಏಪ್ರಿಲ್, ಮೇ ತಿಂಗಳ ಬಿರುಗಾಳಿ ಬರುವ ಮೊದಲೇ ಕಬ್ಬಿಣದ ಪಟ್ಟಿಯಿಂದ ಟ್ಯಾಂಕನ್ನು ಸ್ಟ್ಯಾಂಡಿಗೆ ಬಿಗಿಸಿ.

ಕೊನೆಗೆ, ಒಂದೇ ಸಲಕ್ಕೆ ತುಂಬಬೇಡಿ. ಕಾಲು ಭಾಗ ತುಂಬಿಸಿ ಒಂದು ದಿನ ಬಿಡಿ, ಆಮೇಲೆ ಅರ್ಧ, ಮರುದಿನ ಪೂರ್ತಿ. ಪ್ರತಿ ಸಲವೂ ಕೆಳಗಿನ ಕೋಣೆಯ ಛಾವಣಿಗೆ ಟಾರ್ಚ್ ಬಿಟ್ಟು ನೋಡಿ. ಮೊದಲೇ ಇದ್ದ ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿ ತಾರೀಕು ಬರೆದಿಡಿ. ಗುರುತು ದಾಟಿ ಬಿರುಕು ಬೆಳೆದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಮೇಸ್ತ್ರಿಯನ್ನಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.