ಹೊಟ್ಟೆ ತೊಗಲಿನ ಅಟ್ಟೆ

ನಾನು ಐಟಿಐ ಫಿಟ್ಟರ್. ಮಗ ತೊಗಲು ಕೊಯ್ಯುವ ರಂಪಿಗೆ ಹಿಡಿಯಬಾರದು ಅಂತಲೇ ಅಪ್ಪ ಓದಿಸಿದ್ದ. ಆದರೂ ಇಪ್ಪತ್ತಾರನೇ ವಯಸ್ಸಿಗೆ ಹಳೇ ಹುಬ್ಬಳ್ಳಿಯ ಸೋದರಮಾವನ ಮುಂದೆ ಹೋಗಿ ಕೂತೆ. ಕಾರ್ಖಾನೆ ಕೆಲಸ ಹೋಗಿತ್ತು, ಅಷ್ಟೇ ಕಾರಣ. ಕುಲಕಸುಬು ಉಳಿಸಬೇಕು ಅನ್ನೋ ದೊಡ್ಡ ಮಾತೇನೂ ತಲೆಯಲ್ಲಿರಲಿಲ್ಲ.

ಮಾವನದು ಕೊಲ್ಲಾಪುರಿ ಚಪ್ಪಲಿ ಮಾಡುವ ಸಣ್ಣ ಅಂಗಡಿ. ಗೋಡೆಗೆ ಶರಣ ಹರಳಯ್ಯನವರ ಪಟ, ಕೆಳಗೆ ನೀರಿನ ತೊಟ್ಟಿ, ಪಕ್ಕದಲ್ಲಿ ಸವೆದು ಗುಣಿ ಬಿದ್ದ ಕಲ್ಲು. ಮೊದಲ ಮೂರು ತಿಂಗಳು ಆ ತೊಟ್ಟಿ, ಆ ಕಲ್ಲು ಬಿಟ್ಟರೆ ನನಗೆ ಬೇರೇನೂ ಸಿಗಲಿಲ್ಲ. ಎಮ್ಮೆ ತೊಗಲು ನೆನೆಸು, ತೆಗೆ, ಕಬ್ಬಿಣದ ಬಡಿಗೆಯಿಂದ ಬಡಿ. ಬಡಿದಷ್ಟೂ ತೊಗಲು ಒತ್ತಾಗುತ್ತದೆ, ಅಟ್ಟೆ, ಅಂದರೆ ಚಪ್ಪಲಿಯ ತಳ, ಬೇಗ ಸವೆಯೋದಿಲ್ಲ. ರಾತ್ರಿ ರೊಟ್ಟಿ ಮುರಿಯಲೂ ಬೆರಳು ಬಗ್ಗುತ್ತಿರಲಿಲ್ಲ.

ಹೊಲಿಗೆ ಕಲಿತರೆ ಕಸುಬು ಬಂದ ಹಾಗೆ ಅಂದುಕೊಂಡಿದ್ದೆ. ಮಾವ ನಕ್ಕ. "ಕಣ್ಣಿಲೆ ನೋಡಬ್ಯಾಡಲೇ ತಮ್ಮಾ, ಬೆರಳಿಲೆ ನೋಡು" ಅಂತ ಇಡೀ ತೊಗಲು ಹಾಸಿದ. ಬೆನ್ನಿನ ಭಾಗ ದಪ್ಪ, ಬಿಗಿ. ಅಟ್ಟೆಗೆ ಅದೇ ಬೇಕು. ಹೊಟ್ಟೆಯ ಕಡೆ ಬಂದಂತೆ ಸಡಿಲ. ಚಿವುಟಿದರೆ ಸುಕ್ಕು ಏಳುತ್ತದೆ, ಎಳೆದರೆ ಹಿಗ್ಗುತ್ತದೆ. ಹದ ಮಾಡಿದ ಬಗೆಯನ್ನೂ ನೋಡಬೇಕು. ನಮಗೆ ಬೇಕಾದದ್ದು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದದ್ದು. ಅದು ನೀರು ಕುಡಿದು ಕಪ್ಪಾಗುತ್ತದೆ, ಬಡಿದ ಆಕಾರಕ್ಕೆ ಕೂರುತ್ತದೆ. ಕೊಯ್ದ ಅಂಚು ಒಳಗೆ ತಿಳಿನೀಲಿ ಕಂಡರೆ ಅದು ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ್ದು. ಎಷ್ಟು ಬಡಿದರೂ ರಬ್ಬರಿನ ಹಾಗೆ ಮತ್ತೆ ಮೇಲೆ ಬರುತ್ತದೆ.

ಇಷ್ಟೆಲ್ಲ ಹೇಳಿಸಿಕೊಂಡೂ ತಪ್ಪು ಮಾಡಿದೆ. ಮಾವ ಮದುವೆಗೆ ಹೋಗಿದ್ದಾಗ ಒಬ್ಬ ಅಜ್ಜನ ಆರ್ಡರ್‌ಗೆ ನಾನೇ ಅಟ್ಟೆ ಕೊಯ್ದೆ. ಬೆನ್ನಿನ ತೊಗಲು ಸಾಲಲಿಲ್ಲ. ಹೊಟ್ಟೆ ಕಡೆಯಿಂದ ಎರಡು ತುಂಡು ಸೇರಿಸಿಬಿಟ್ಟೆ. ಬಣ್ಣ ಬಳಿದ ಮೇಲೆ ಯಾರಿಗೆ ಗೊತ್ತಾಗುತ್ತದೆ, ಅಲ್ವಾ? ಒಂದೇ ತಿಂಗಳಿಗೆ ಅಜ್ಜ ಬಂದರು. "ನನ್ನ ಕಾಲ್ಮರಿ ಹಪ್ಪಳ ಆಗ್ಯಾವಲ್ರೀ!" ಅಟ್ಟೆ ಹಿಮ್ಮಡಿಯ ಆಚೆ ಬೆರಳಗಲ ಹರಡಿಕೊಂಡಿತ್ತು. ಮಾವ ಅವರಿಗೆ ಹೊಸ ಜೋಡು ಕೊಟ್ಟು ಕಳಿಸಿದ. ಹಳೆಯದನ್ನು ನನ್ನ ಮುಂದೆ ಎಸೆದ. "ಇದನ್ನ ನೀನ ಮೆಟ್ಟು."

ಆ ಮಳೆಗಾಲ ಪೂರ್ತಿ ಮೆಟ್ಟಿದೆ. ದುರ್ಗದಬೈಲಿಗೆ ಹೋಗಿ ಬರುವಷ್ಟರಲ್ಲಿ ನೀರು ಕುಡಿದು ಭಾರ, ಪಚಪಚ ಸದ್ದು. ಒಲೆ ಮುಂದಿಟ್ಟರೆ ಸೀಳುತ್ತದೆ. ನೆರಳಲ್ಲೇ ಒಣಗಿಸಬೇಕು, ಅಷ್ಟರಲ್ಲಿ ಬೂಸಲು. ಈಗ ಗಿರಾಕಿಗಳಿಗೆ ಮೊದಲೇ ಹೇಳುತ್ತೇನೆ, ಮಳೆಗಾಲದಲ್ಲಿ ಇವನ್ನು ಎತ್ತಿಡಿ ಅಂತ. ವ್ಯಾಪಾರಕ್ಕೆ ಇದು ನಷ್ಟದ ಮಾತೇ.

ಹೊಲಿಗೆ ಆಮೇಲೆ ಬಂತು. ಅದರಲ್ಲಿ ಮೊಳೆಯಿಲ್ಲ, ತೊಗಲಿನದೇ ಎಳೆ. ಆರಿಯಿಂದ, ಅಂದರೆ ತೊಗಲು ಚುಚ್ಚುವ ಚೂಪು ಮೊನೆಯಿಂದ, ತೂತು ಹಾಕುವಾಗ ಎಳೆಗಿಂತ ಒಂಚೂರು ಸಣ್ಣದಿರಬೇಕು, ಒದ್ದೆ ಇರುವಾಗಲೇ ಎಳೆದುಬಿಡಬೇಕು. ಒಣಗಿದ ಮೇಲೆ ತಾನೇ ಬಿಗಿ ಹಿಡಿಯುತ್ತದೆ. ಬಾರಿನ ಮೇಲಿನ ಹೆಣಿಗೆ ಮಾತ್ರ ಅತ್ತೆಯದು. ಆಡಿನ ತೊಗಲಿನ ಸಣ್ಣ ಎಳೆಗಳನ್ನು ಅವಳು ಜಡೆ ಹಾಕಿದಂತೆ ಹೆಣೆಯುತ್ತಾಳೆ, ಟಿವಿ ನೋಡುತ್ತಲೇ. ನನಗೆ ಅದು ಇವತ್ತಿಗೂ ಬರೋದಿಲ್ಲ. ಅಂಗಡಿಗೆ ಬಂದವರು ಅವಳನ್ನು ಕಸುಬುದಾರಳು ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಅದು ಬೇರೆ ಸಿಟ್ಟು.

"ಒರಿಜಿನಲ್ ಕೊಲ್ಲಾಪುರದ್ದೇನ್ರಿ?" ಅಂತ ಕೇಳುವವರು ಜಾಸ್ತಿ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಜಿಐ, ಅಂದರೆ ಇಂಥ ಪ್ರದೇಶದ್ದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. ಮೊದಮೊದಲು ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದೆ. ಈಗ "ಹುಬ್ಬಳ್ಳಿದ್ದರಿ" ಅಂದು ಸುಮ್ನಾಗುತ್ತೇನೆ.

ದಸರಾ ಮುಗಿದ ಮೇಲೆ ಆ ಹಪ್ಪಳದ ಜೋಡನ್ನು ಬಿಚ್ಚಿದೆ. ಅತ್ತೆಯ ಹೆಣಿಗೆ ಒಂದೆಳೆಯೂ ಸಡಿಲಾಗಿರಲಿಲ್ಲ. ಬಾರು ಹಾಗೇ ಇಟ್ಟುಕೊಂಡು ಬೆನ್ನಿನ ತೊಗಲಿನ ಹೊಸ ಅಟ್ಟೆ ಕೂರಿಸಿದೆ. ಈಗಲೂ ಅದೇ ನನ್ನ ಕಾಲಲ್ಲಿದೆ. ಎಡಗಾಲಿನದು ಹೆಬ್ಬೆರಳ ಹತ್ತಿರ ಇನ್ನೂ ಕಚ್ಚುತ್ತದೆ. ದಿನಾ ರಾತ್ರಿ ಔಡಲೆಣ್ಣೆ ಸವರುತ್ತಿದ್ದೇನೆ.